ಆಫ್ ಮಾಡಬೇಡ

ಆ ಮನೆಯಲ್ಲಿ ಕಂಪ್ಯೂಟರ್ ಆಫ್ ಆಗುತ್ತಿದ್ದದ್ದೇ ಅಪರೂಪ. ಮನೆಯೆಂದರೆ ಮಹಡಿಯ ಮೇಲೆ ಎರಡು ಕೋಣೆ, ಒಂದು ಅಡುಗೆಮನೆ, ಬೀದಿಯ ಕಡೆಗೊಂದು ಕಿರಿದಾದ ಬಾಲ್ಕನಿ. ಚಿಕ್ಕ ಕೋಣೆಯನ್ನು ಗಂಡ ತನ್ನ ಕೆಲಸಕ್ಕೆಂದು ಇಟ್ಟುಕೊಂಡಿದ್ದ. ಕೆಟ್ಟುಹೋದ ಹಾರ್ಡ್ ಡಿಸ್ಕುಗಳಿಂದ ಜನರ ಫೋಟೊ, ವಿಡಿಯೊಗಳನ್ನು ಹೊರತೆಗೆದುಕೊಡುವುದು ಅವನ ಕಸುಬು. ಬೀದಿಯವರು ಅವನನ್ನು ಡಿಸ್ಕ್ ಡಾಕ್ಟರ್ ಎಂದೇ ಕರೆಯುತ್ತಿದ್ದರು. ಆ ಹೆಸರು ಕೇಳಿ ಒಮ್ಮೆ ಸೊಂಟ ಹಿಡಿದುಕೊಂಡಿದ್ದ ಮುದುಕರೊಬ್ಬರು ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದು, “ಎಲ್ಲಿ ಮಲಗ್ಲಿ ಡಾಕ್ಟ್ರೇ?” ಎಂದು ಕೇಳಿದ್ದರು.

ಹೆಂಡತಿ ಈಜುಕೊಳದಲ್ಲಿ ಮಕ್ಕಳಿಗೆ ಈಜು ಕಲಿಸುತ್ತಿದ್ದಳು. ಬೆಳಗಿನಿಂದ ಮಕ್ಕಳ ಕಿರುಚಾಟ, ನೀರಿನ ಸದ್ದು, ತನ್ನದೇ ಸೀಟಿಯ ಸದ್ದು ಕೇಳಿ ಕೇಳಿ ಸಾಕಾಗಿ ಮನೆಗೆ ಬಂದು ಒದ್ದೆ ಕೂದಲು ಬಿಚ್ಚಿ ಕೂತರೆ, ಅವಳಿಗೆ ಬೇಕಾದದ್ದು ಒಂದಿಷ್ಟು ನಿಶ್ಶಬ್ದ. ಸಿಗುತ್ತಿದ್ದದ್ದು ಆ ಕಂಪ್ಯೂಟರಿನ ಗುಂಯ್ ಎನ್ನುವ ಸದ್ದು. ಕಿವಿಯೊಳಗೆ ಸೊಳ್ಳೆಯೊಂದು ಸಂಸಾರ ಹೂಡಿದ ಹಾಗೆ. ಬೇಸಿಗೆಯಲ್ಲಂತೂ ಆ ಕೋಣೆಯ ಬಾಗಿಲು ತೆರೆದರೆ ಒಲೆಯ ಬಾಯಿಗೆ ಮುಖ ಕೊಟ್ಟಂತಾಗುತ್ತಿತ್ತು.

ಅತ್ತೆಯ ದೂರು ಬೇರೆ. ಮನೆಯಿಂದ ಹೊರಡುವ ಮುನ್ನ ಒಂದೊಂದು ಸ್ವಿಚ್ಚನ್ನೂ ಬೆರಳಿಂದ ಮುಟ್ಟಿ ನೋಡದೆ ಅವರು ಚಪ್ಪಲಿ ಮೆಟ್ಟಿದವರಲ್ಲ. “ನಾವು ಮಲಗಿರ್ತೀವಿ, ಅದು ಎದ್ದಿರತ್ತೆ. ಮನೇಲಿ ಯಾರಿಗೆ ಯಾರು ಕಾವಲು?” ಎನ್ನುತ್ತಿದ್ದರು. ಉಪ್ಪಿನಿಂದ ಹಿಡಿದು ಕಿಟಕಿ ಪರದೆಯ ಬಣ್ಣದವರೆಗೆ ಎಲ್ಲದರಲ್ಲೂ ಎತ್ತು ಏರಿಗೆ, ಕೋಣ ನೀರಿಗೆ ಎನ್ನುವಂತಿದ್ದ ಅತ್ತೆ ಸೊಸೆ ಈ ಒಂದು ವಿಷಯದಲ್ಲಿ ಮಾತ್ರ ಒಂದೇ ಪಕ್ಷ.

ಆ ಬೇಸಿಗೆಯ ಕೊನೆಯಲ್ಲಿ, ಶಾಲಾ ವ್ಯಾನ್ ಓಡಿಸುವ ಹೆಂಗಸೊಬ್ಬಳು ಒಂದು ಡಿಸ್ಕನ್ನು ಟವೆಲಿನಲ್ಲಿ ಸುತ್ತಿಕೊಂಡು ಬಂದಳು. ಗಟ್ಟಿಮುಟ್ಟಾದ ಮೈಕಟ್ಟು, ಬಿಸಿಲಿಗೆ ಕಂದಿದ ಬಲಗೈ, ಕಡಿಮೆ ಮಾತು. ಹಿಂದಿನ ವರ್ಷ ಅವಳ ಮಗಳು ಜ್ವರ ಬಂದು ತೀರಿಕೊಂಡಿದ್ದಳು. ಮಗುವಿನ ವಿಡಿಯೊಗಳನ್ನೆಲ್ಲ ಈ ಡಿಸ್ಕಿಗೆ ಹಾಕಿಟ್ಟಿದ್ದಳು, ವಿಡಿಯೊ ತೆಗೆದಿದ್ದ ಫೋನು ಆಮೇಲೆ ಕಳೆದುಹೋಗಿತ್ತು, ಈಗ ಡಿಸ್ಕು ಕಪಾಟಿನಿಂದ ಕೆಳಗೆ ಬಿದ್ದಿತ್ತು. ಬೇರೆ ಅಂಗಡಿಗಳವರು ನೋಡಿ ಕೈಚೆಲ್ಲಿದ್ದರು.

ಗಂಡ ಡಿಸ್ಕಿಗೆ ಕರೆಂಟು ಕೊಟ್ಟು, ಕಿವಿಯನ್ನು ಅದರ ಹತ್ತಿರ ಒಯ್ದು, ಬಹಳ ಹೊತ್ತು ಉಸಿರು ಬಿಗಿಹಿಡಿದು ಕೇಳಿದ.

“ತಿರುಗ್ತಿದೆ. ಆದ್ರೆ ಇದು ಒಂದ್ಸಲ ನಿಂತ್ರೆ ಮತ್ತೆ ತಿರುಗತ್ತೆ ಅಂತ ನಾನು ಮಾತು ಕೊಡಲ್ಲ. ಈಗ ತಿರುಗ್ತಾ ಇರೋವಾಗ್ಲೇ ಎಷ್ಟು ಸಿಗತ್ತೋ ಅಷ್ಟನ್ನ ನನ್ನ ಡಿಸ್ಕಿಗೆ ನಕಲು ಮಾಡ್ಕೋಬೇಕು. ನಿಧಾನ ಆಗತ್ತೆ. ಅಲ್ಲಿವರೆಗೂ ಇದನ್ನ ಯಾರೂ ಮುಟ್ಟೋ ಹಾಗಿಲ್ಲ.”

ವ್ಯಾನಿನವಳು ತಲೆಯಾಡಿಸಿ ಹೋದಳು. ಟವೆಲನ್ನು ಅಲ್ಲೇ ಬಿಟ್ಟು ಹೋದಳು.

ಅವತ್ತಿನಿಂದ ಕಂಪ್ಯೂಟರು ಒಂದೇ ಸಮನೆ ಓಡಿತು. ಮೇಜಿನ ಮೇಲೆ ರಬ್ಬರಿನ ಹಾಸು, ಅದರ ಮೇಲೆ ಡಿಸ್ಕು, ಅದಕ್ಕೆ ಗಾಳಿ ಬೀಸಲು ಅಂಗೈಯಗಲದ ಫ್ಯಾನು. ತೆರೆಯ ಮೇಲೆ ಬೂದು ಬಣ್ಣದ ಸಣ್ಣ ಸಣ್ಣ ಚೌಕಗಳ ದೊಡ್ಡ ಬಯಲು. ಓದಿಸಿಕೊಂಡ ಭಾಗ ಹಸಿರಾಗುತ್ತ ಬರುತ್ತಿತ್ತು, ಓದಲಾಗದ್ದು ಕೆಂಪಾಗಿ ಉಳಿಯುತ್ತಿತ್ತು. ಗದ್ದೆಗೆ ನೀರು ಬಿಟ್ಟು ಬದುವಿನ ಮೇಲೆ ಕೂತವನ ಹಾಗೆ ಗಂಡ ಅದನ್ನೇ ನೋಡುತ್ತಿದ್ದ.

ಒಂದು ದಿನ ಮೂವರೂ ಹೊರಗೆ ಹೋಗುವುದಿತ್ತು. ಹೆಂಡತಿ ಬಾಗಿಲಲ್ಲಿ ನಿಂತು ಕೇಳಿದಳು.

“ಮನೇಲಿ ಯಾರೂ ಇಲ್ದೇ ಇರೋವಾಗ್ಲೂ ಇದು ಓಡ್ಬೇಕಾ?”

“ಇದೊಂದು ಮುಗೀಲಿ.”

“ಪ್ರತಿ ಸಲ ಇದೊಂದು ಮುಗೀಲಿ ಅಂತೀರಿ. ನಮ್ಮನೆ ವೈರಿಂಗ್ ನೋಡಿದ್ದೀರಾ? ಇಸ್ತ್ರಿ ಪೆಟ್ಟಿಗೆ ಹಾಕಿದ್ರೆ ದೀಪ ಮಂಕಾಗತ್ತೆ.”

“ನಾನು ಬರಲ್ಲ, ನೀವಿಬ್ರೂ ಹೋಗ್ಬನ್ನಿ,” ಎಂದ ಗಂಡ, ಕುರ್ಚಿಯಿಂದ ಏಳದೆ.

ಅವಳು ಮಾತಾಡಲಿಲ್ಲ. ಆ ದಿನವಿಡೀ, ಮರುದಿನ ಬೆಳಿಗ್ಗೆಯೂ ಮಾತಾಡಲಿಲ್ಲ. ಅವನು ಒಂದು ಕೈಯಿಂದ ಹೊಟ್ಟೆ ಒತ್ತಿಕೊಂಡು ಓಡಾಡುತ್ತಿದ್ದದ್ದನ್ನು ಕಂಡರೂ, ಗ್ಯಾಸ್ ಇರಬೇಕು ಎಂದುಕೊಂಡು ಕಾಣದವಳಂತೆ ಇದ್ದಳು. ಕೊಳಕ್ಕೆ ಹೊರಡಲು ಚೀಲ ಹೆಗಲಿಗೇರಿಸುವಾಗ ಚಿಕ್ಕ ಕೋಣೆಯಲ್ಲಿ ಏನೋ ಕುಸಿದ ಸದ್ದಾಯಿತು. ಹೋಗಿ ನೋಡಿದರೆ ಗಂಡ ನೆಲದ ಮೇಲೆ ಮೊಣಕಾಲು ಎದೆಗೆ ಎಳೆದುಕೊಂಡು ಬಿದ್ದಿದ್ದ. ಮುಖ ಸುಣ್ಣ ಬಳಿದಂತೆ ಬಿಳಚಿಕೊಂಡಿತ್ತು.

ಅಪೆಂಡಿಕ್ಸ್ ಒಡೆದಿತ್ತು. ಆಸ್ಪತ್ರೆಯಲ್ಲಿ ಕೇಳಿದ ಪ್ರಶ್ನೆಗಳಿಗೆ ಅವಳು ಏನು ಉತ್ತರ ಕೊಟ್ಟಳೋ ಅವಳಿಗೇ ನೆನಪಿಲ್ಲ. ಆಪರೇಷನ್ ಕೋಣೆಯ ಬಾಗಿಲಲ್ಲಿ ತಳ್ಳುಮಂಚ ಒಂದು ಗಳಿಗೆ ನಿಂತಾಗ ಗಂಡ ಅವಳ ಮಣಿಕಟ್ಟು ಹಿಡಿದುಕೊಂಡ. ಅವನ ಬೆರಳು ಕಾದ ಕಬ್ಬಿಣದಂತಿತ್ತು.

“ಆಫ್ ಮಾಡ್ಬೇಡ. ಅಮ್ಮಂಗೂ ಹೇಳು.”

ಅವಳಿಗೆ ಕೋಪ ಉಕ್ಕಿಬಂತು, ಅದರ ಹಿಂದೆಯೇ ಅಳು. ಯಾವುದನ್ನೂ ಹೊರಗೆ ಬಿಡದೆ, “ಆಯ್ತು,” ಎಂದಳು. ಬಾಗಿಲು ಮುಚ್ಚಿಕೊಂಡಿತು.

ಆಪರೇಷನ್ ಮುಗಿದರೂ ಅವನಿಗೆ ಎಚ್ಚರವಾಗಲಿಲ್ಲ. ನಂಜು ಮೈಗೆಲ್ಲ ಏರಿದೆ, ನಿದ್ದೆಯಲ್ಲೇ ಇಟ್ಟಿದ್ದೇವೆ ಎಂದರು ಡಾಕ್ಟರು. ಗಾಜಿನ ಆಚೆಯಿಂದ ನೋಡಬಹುದಿತ್ತು, ಅಷ್ಟೇ. ಅವಳ ಅಣ್ಣ ಸುದ್ದಿ ಕೇಳಿ ಓಡಿಬಂದು ಜೊತೆಗೆ ಕೂತ. ಅವಳು ಅತ್ತೆಗೆ ಫೋನು ಮಾಡಿ, ಮಗನ ಸ್ಥಿತಿಯನ್ನು ಇದ್ದುದಕ್ಕಿಂತ ಸ್ವಲ್ಪ ತಿಳಿಯಾಗಿಸಿ ಹೇಳಿ, ಕೊನೆಗೆ ಕಂಪ್ಯೂಟರಿನ ಮಾತು ಹೇಳಿದಳು. ಅತ್ತೆ ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಅತ್ತೆ ಮೌನವಾಗಿದ್ದಾರೆಂದರೆ ಅದು ಒಪ್ಪಿಗೆಯಲ್ಲ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಫೋನಿಟ್ಟ ಕೂಡಲೆ ಆಫ್ ಮಾಡಿರುತ್ತಾರೆ ಎಂದುಕೊಂಡಳು. ಮಾಡಿದ್ದರೆ ಮಾಡಲಿ, ನಾನಂತೂ ಹೇಳಿದ್ದಾಯಿತು ಎಂದೂ ಅಂದುಕೊಂಡಳು. ಹಾಗೆ ಅಂದುಕೊಂಡದ್ದಕ್ಕೆ ಗಾಜಿನ ಆಚೆ ಮಲಗಿದ್ದವನ ಮುಖ ನೋಡಲು ನಾಚಿಕೆಯಾಯಿತು.

ಮರುದಿನ ಮಧ್ಯಾಹ್ನ ಅತ್ತೆಯ ಫೋನು ಬಂತು.

“ಅಮ್ಮಾ, ಇಲ್ಲಿ ಏನೋ ಸುಟ್ಟ ವಾಸ್ನೆ ಬರ್ತಿದೆ. ಆ ಕೋಣೆ ಪ್ಲಗ್ಗಿನ ಹತ್ರ…”

ಅಷ್ಟಕ್ಕೇ ಕಡಿದುಹೋಯಿತು. ಅವಳು ಮತ್ತೆ ಮಾಡಿದಳು. ಸ್ವಿಚ್ಡ್ ಆಫ್ ಎಂದಿತು ಯಂತ್ರದ ಹೆಣ್ಣುದನಿ. ಕೆಳಗಿನ ಮನೆಯಲ್ಲಿದ್ದ ಓನರ್ ನಂಬರಿಗೆ ಮಾಡಿದಳು. ರಿಂಗಾಗಿ ರಿಂಗಾಗಿ ನಿಂತಿತು.

“ನೀನು ಹೋಗು, ನಾನಿದ್ದೀನಿ,” ಎಂದ ಅಣ್ಣ, ಅವಳ ಮುಖ ನೋಡಿಯೇ.

ಗಾಜಿನ ಆಚೆ ಒಬ್ಬರು, ಬಸ್ಸಿನ ದಾರಿಯ ಆ ತುದಿಯಲ್ಲಿ ಇನ್ನೊಬ್ಬರು. ಅಡಕತ್ತರಿಯಲ್ಲಿ ಸಿಕ್ಕಂತಾಗಿತ್ತು ಅವಳಿಗೆ. ಬಸ್ಸು ಪ್ರತಿ ನಿಲ್ದಾಣದಲ್ಲೂ ನಿಂತಿತು, ನಿಲ್ದಾಣವಲ್ಲದ ಕಡೆಯೂ ನಿಂತಿತು. ಪಕ್ಕದಲ್ಲಿ ಕೂತವನು ಕಿಟಕಿಯಾಚೆ ಕಟ್ಟಡವೊಂದನ್ನು ತೋರಿಸಿ ಏನೋ ಹೇಳಿದ. ಅವಳಿಗೆ ಕಣ್ಣ ಮುಂದೆ ಕಂಡದ್ದು ಹೊಗೆ ತುಂಬಿದ ಮೆಟ್ಟಿಲು, ಅದರ ಮೇಲ್ತುದಿಯಲ್ಲಿ ಮಂಡಿನೋವಿನ ಅತ್ತೆ. ಹೋದ ತಕ್ಷಣ ಮೊದಲು ಅದನ್ನು ಕಿತ್ತೆಸೆಯುತ್ತೇನೆ, ಆಮೇಲೆ ಯಾರಿಗೆ ಏನು ಹೇಳಬೇಕೋ ಹೇಳಿದರಾಯಿತು ಎಂದು ಹಲ್ಲು ಕಚ್ಚಿ ನಿಶ್ಚಯಿಸಿದಳು. ನಿಲ್ದಾಣ ಬರುವ ಮೊದಲೇ ಇಳಿದು ಕಾಲಿಗೆ ಬುದ್ಧಿ ಹೇಳಿದಳು.

ಬಾಲ್ಕನಿಯಲ್ಲಿ ಹೊಗೆ ಕಾಣಲಿಲ್ಲ. ಆದರೆ ಮೆಟ್ಟಿಲು ಅರ್ಧ ಹತ್ತುವಾಗಲೇ ವಾಸನೆ ಮೂಗಿಗೆ ಬಡಿಯಿತು, ಸುಟ್ಟ ಪ್ಲಾಸ್ಟಿಕ್ಕಿನ ಕಮಟು. ಬಾಗಿಲು ತೆರೆದೇ ಇತ್ತು. ಚಿಕ್ಕ ಕೋಣೆಯಲ್ಲಿ ಅತ್ತೆ ಗೋಡೆಯ ಸಾಕೆಟ್ಟಿನ ಎದುರಿಗೆ ಸ್ಟೂಲು ಹಾಕಿಕೊಂಡು ಕೂತಿದ್ದರು. ಮನೆಯ ಮೇಜಿನ ಫ್ಯಾನನ್ನು ಅಡುಗೆಮನೆಯ ಪ್ಲಗ್ಗಿಗೆ ಸಿಕ್ಕಿಸಿ, ನೆಲದ ಮೇಲಿಟ್ಟು, ಸಾಕೆಟ್ಟಿನ ಕಡೆಗೇ ಗಾಳಿ ಬರುವಂತೆ ತಿರುಗಿಸಿದ್ದರು. ಪಕ್ಕದಲ್ಲಿ ಚಾರ್ಜು ಮುಗಿದು ಸತ್ತ ಫೋನು, ಬಕೀಟು ತುಂಬ ಮಣ್ಣು. ಬಾಲ್ಕನಿಯ ಹೂಕುಂಡಗಳನ್ನೆಲ್ಲ ಬರಿದು ಮಾಡಿದ್ದರು. ಅವರು ದಿನಾ ನೀರೆರೆಯುತ್ತಿದ್ದ ಗಿಡಗಳು ಬೇರು ಸಮೇತ ಅಡ್ಡಡ್ಡ ಬಿದ್ದಿದ್ದವು. ಸಾಕೆಟ್ಟಿನ ಬಿಳಿ ಮುಚ್ಚಳ ಒಂದು ಮೂಲೆಯಲ್ಲಿ ಕಂದಿ ಉಬ್ಬಿತ್ತು.

ಕಂಪ್ಯೂಟರು ಓಡುತ್ತಲೇ ಇತ್ತು.

“ಅತ್ತೆ, ಏನ್ ಮಾಡ್ತಿದ್ದೀರಿ? ಯಾಕೆ ಆಫ್ ಮಾಡ್ಲಿಲ್ಲ?”

“ನೀನು ಬೇಡ ಅಂದಿದ್ದೆಯಲ್ಲ.”

“ಬೆಂಕಿ ಹತ್ಕೊಂಡಿದ್ರೆ?”

“ಹತ್ಕೊಂಡ್ರೆ ಹಾಕಕ್ಕೆ ಅಂತ ಮಣ್ಣು ಇಟ್ಕೊಂಡಿದೀನಿ. ಕರೆಂಟಿನ ಬೆಂಕಿಗೆ ನೀರು ಹಾಕ್ಬಾರ್ದು ಅಂತ ಅವನೇ ಹೇಳಿದ್ದ.” ಅತ್ತೆ ಅವಳ ಕಡೆ ತಿರುಗಲಿಲ್ಲ, ಕಣ್ಣು ಸಾಕೆಟ್ಟಿನ ಮೇಲೆಯೇ ಇತ್ತು. “ಅವನು ಹೇಗಿದಾನೆ?”

“ಇನ್ನೂ ಎಚ್ಚರ ಆಗಿಲ್ಲ.”

ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡರು. “ಆಫ್ ಮಾಡೋಣ ಅಂತ ಬೆರಳಿಟ್ಟಿದ್ದೆ ಕಣಮ್ಮ. ಸುಳ್ಳು ಯಾಕೆ ಹೇಳ್ಲಿ. ಆದ್ರೆ ಬೆಳಿಗ್ಗೆ ಆ ವ್ಯಾನಿನವಳು ಬಂದಿದ್ಲು. ಇವನಿಗೆ ಹೀಗಾಗಿದೆ ಅಂತ ಯಾರೋ ಹೇಳಿದ್ರಂತೆ, ವಿಚಾರಿಸ್ಕೊಂಡು ಹೋಗಕ್ಕೆ ಬಂದ್ಲು. ಡಿಸ್ಕಿನ ಮಾತು ಎತ್ಲೇ ಇಲ್ಲ. ನಾನೇ ಕೇಳ್ದೆ, ಮಗೂದು ಒಂದು ಫೋಟೊನೂ ಇಲ್ವಾ ಅಂತ. ಫೋಟೊ ಇದೆಯಂತೆ. ಮುಖ ನೆನಪಿದೆಯಂತೆ. ಧ್ವನಿ ಮರೆತುಹೋಗ್ತಾ ಇದೆಯಂತೆ. ವ್ಯಾನಲ್ಲಿ ಅಷ್ಟು ಮಕ್ಕಳು ಕೂಗ್ತಿರ್ತಾವೆ, ಅದ್ರಲ್ಲಿ ಇವಳದು ಯಾವ್ದಾಗಿತ್ತು ಅಂತ ಹುಡುಕ್ತಾಳಂತೆ.”

ಬಸ್ಸಿನಲ್ಲಿ ಮಾಡಿದ ನಿಶ್ಚಯ ಅವಳ ಗಂಟಲಲ್ಲೇ ಉಳಿಯಿತು. ಉಗುಳಲಾರದ, ನುಂಗಲಾರದ ಬಿಸಿ ತುಪ್ಪದಂತೆ. ಅವಳು ತೆರೆಯ ಕಡೆ ನೋಡಿದಳು. ಬಯಲೆಲ್ಲ ಹಸಿರು. ಅಲ್ಲಲ್ಲಿ ಕೆಂಪು ಚುಕ್ಕೆ. ಕೆಳಗಿನ ಒಂದು ಪಟ್ಟಿ ಮಾತ್ರ ಇನ್ನೂ ಬೂದು.

ಸಾಕೆಟ್ಟಿನೊಳಗೆ ಚಿಟ್ ಎಂದು ಕಿಡಿ ಹಾರಿತು.

ಅವಳು ಕೈಚಾಚಿ ಗೋಡೆಯ ಸ್ವಿಚ್ಚನ್ನು ಆಫ್ ಮಾಡಿದಳು. ಅತ್ತೆ ಅಯ್ಯೋ ಎಂದು ಎದ್ದರು. ಮೇಜಿನ ಕೆಳಗಿನಿಂದ ಕುಂಯ್ ಕುಂಯ್ ಎಂದು ಸದ್ದು ಶುರುವಾಯಿತು. ಆದರೆ ಕಂಪ್ಯೂಟರು ನಿಲ್ಲಲಿಲ್ಲ.

“ಹೆದರ್ಬೇಡಿ. ಕೆಳಗೆ ಯುಪಿಎಸ್ ಇದೆ, ಬ್ಯಾಟರಿ ಮೇಲೆ ಓಡ್ತಿದೆ. ಸ್ವಲ್ಪ ಹೊತ್ತು ಹಿಡಿಯತ್ತೆ.”

“ಎಷ್ಟು ಹೊತ್ತು?”

ಅದು ಅವಳಿಗೂ ಗೊತ್ತಿರಲಿಲ್ಲ. ಬ್ಯಾಟರಿಗೆ ವಯಸ್ಸಾಗಿದೆ, ಬದಲಾಯಿಸಬೇಕು ಎಂದು ಗಂಡ ಹೇಳುತ್ತಿದ್ದದ್ದಷ್ಟೇ ಗೊತ್ತು. ಅಡುಗೆಮನೆಯಿಂದ ತಂತಿ ಎಳೆಯೋಣವೆಂದು ಅವಳು ಎಕ್ಸ್‌ಟೆನ್ಷನ್ ಬೋರ್ಡು ಹುಡುಕುತ್ತಿದ್ದಾಗ ಮೆಟ್ಟಿಲ ಮೇಲೆ ಧಡಧಡ ಹೆಜ್ಜೆಯ ಸದ್ದಾಯಿತು. ಕೆಳಗಿನಿಂದ ಓನರ್ ಬಂದಿದ್ದರು. ನಿದ್ದೆಯಿಂದ ಎದ್ದ ಕಣ್ಣು, ಬನಿಯನ್ನು, ಕೈಯಲ್ಲಿ ಟಾರ್ಚು.

“ಏನಮ್ಮ ನಡೀತಿದೆ ಇಲ್ಲಿ? ಕೆಳಗೆ ನಮ್ಮ ದೀಪ ಮಿಣಮಿಣ ಅಂತಿದೆ. ಏನು ಈ ವಾಸ್ನೆ?” ಅವರು ಸಾಕೆಟ್ಟು ನೋಡಿದರು, ಅದರ ಮೇಲಿನ ಗೋಡೆಗೆ ಅಂಗೈ ಇಟ್ಟು ಸರಕ್ಕನೆ ಹಿಂದೆಗೆದರು. “ಗೋಡೆ ಕಾದಿದೆ. ಒಳಗಿನ ವೈರೇ ಹೋಗಿದೆ. ನಾನು ಮೇಲಿನ ಮನೆ ಮೇನ್ ತೆಗೀತೀನಿ.”

“ತೆಗೀರಿ ಅಂಕಲ್,” ಎಂದಳು ಅವಳು. ಅದು ಸರಿಯಾದ ಮಾತೇ. ಅದಕ್ಕೆ ಎದುರಾಡಲು ಏನೂ ಇರಲಿಲ್ಲ.

ಅವರು ಮೇನ್ ಸ್ವಿಚ್ಚು ಕೆಳಗೆಳೆದರು. ಫ್ರಿಜ್ಜು, ಫ್ಯಾನು, ಅಡುಗೆಮನೆಯ ದೀಪ ಎಲ್ಲ ಸತ್ತವು. ಮೇಜಿನ ಕೆಳಗೆ ಕುಂಯ್ ಕುಂಯ್ ಮಾತ್ರ ಉಳಿಯಿತು.

“ಇದ್ಯಾಕೆ ಇನ್ನೂ ಕೂಗ್ತಿದೆ? ಇದನ್ನೂ ನಿಲ್ಸು.”

“ಅಂಕಲ್, ಒಂದು ಉಪಕಾರ ಮಾಡಿ. ನಿಮ್ಮ ಪಂಪಿಗೆ ಹಾಕೋ ದಪ್ಪ ಕೇಬಲ್ ಇದೆಯಲ್ಲ, ಅದನ್ನ ನಿಮ್ಮನೆ ಪಾಯಿಂಟಿಂದ ಮೇಲಕ್ಕೆ ಕೊಡಿ. ಈ ಕಂಪ್ಯೂಟರ್ ಒಂದಕ್ಕೆ ಮಾತ್ರ. ಇಸ್ತ್ರಿ ಪೆಟ್ಟಿಗೆಯಷ್ಟೂ ಕರೆಂಟ್ ಎಳೆಯಲ್ಲ ಇದು.”

“ಒಂದು ಗೋಡೆ ಸುಟ್ಟಿದ್ದು ಸಾಲ್ದು ಅಂತ ಕೆಳಗಿನದನ್ನೂ ಸುಡ್ಬೇಕಾ? ಗಂಡ ಆಸ್ಪತ್ರೇಲಿದಾನೆ, ನಿನಗೆ ಕಂಪ್ಯೂಟರಿನ ಚಿಂತೆ. ಏನಮ್ಮ ನೀನು?”

ಆ ಮಾತು ನೆಟ್ಟಗೆ ಹೋಗಿ ತಾಗಬೇಕಾದಲ್ಲೇ ತಾಗಿತು. ಇದೇ ಮಾತನ್ನು ಅವಳು ನಿನ್ನೆ ತಳ್ಳುಮಂಚದ ಮೇಲಿದ್ದವನಿಗೆ ಮನಸ್ಸಿನಲ್ಲೇ ಅಂದಿದ್ದಳು. ಮಾತಾಡಿದವರು ಅತ್ತೆ.

“ಇದು ಅವಳ ಚಿಂತೆ ಅಲ್ಲ. ನನ್ನದೂ ಅಲ್ಲ. ಬೇರೆಯವರ ಮಗು ಇದೆ ಅದ್ರಲ್ಲಿ.”

ಓನರಿಗೆ ಅರ್ಥವಾಗಲಿಲ್ಲ. ಅಷ್ಟರಲ್ಲಿ ಬಾಗಿಲಲ್ಲಿ ವ್ಯಾನಿನವಳು ನಿಂತಿದ್ದಳು. ಮಧ್ಯಾಹ್ನದ ಸರದಿಯ ಮಕ್ಕಳನ್ನು ಇಳಿಸಿ, ಖಾಲಿ ವ್ಯಾನನ್ನು ಬೀದಿಯಲ್ಲಿ ನಿಲ್ಲಿಸಿ, ಮೆಟ್ಟಿಲ ಮೇಲಿನ ಜೋರುದನಿ ಕೇಳಿ ಹತ್ತಿ ಬಂದಿದ್ದಳು. ಸುಟ್ಟ ಸಾಕೆಟ್ಟು, ಬಕೀಟಿನ ಮಣ್ಣು, ಮೂವರ ಮುಖ, ಎಲ್ಲವನ್ನೂ ಒಂದು ಸುತ್ತು ನೋಡಿದಳು. ಯಾರೂ ಅವಳಿಗೆ ಬಿಡಿಸಿ ಹೇಳಬೇಕಾಗಲಿಲ್ಲ.

“ಅಕ್ಕ, ಆಫ್ ಮಾಡ್ಬಿಡಿ,” ಎಂದಳು.

ಕುಂಯ್ ಸದ್ದು ಈಗ ಮೊದಲಿಗಿಂತ ಬೇಗ ಬೇಗ ಬರುತ್ತಿತ್ತು.

“ನಿಮ್ಮನೆಯವರು ಆಸ್ಪತ್ರೇಲಿ. ವಯಸ್ಸಾದ ಅಮ್ಮ ಬೆಂಕಿ ಮುಂದೆ ಕೂತಿದಾರೆ. ನನಗಾಗಿ ಇದೆಲ್ಲ ಬೇಡ. ಹೋದವಳು ಹೋದ್ಲು. ಆಫ್ ಮಾಡಿ.”

ಅವಳ ದನಿ ಸ್ಥಿರವಾಗಿತ್ತು. ಆದರೆ ಕಣ್ಣು ಮೇಜಿನ ಮೇಲೆ ಮಡಿಸಿಟ್ಟಿದ್ದ ತನ್ನ ಟವೆಲಿನ ಮೇಲಿತ್ತು. ಈಜು ಕಲಿಸುವವಳಿಗೆ ಆ ದನಿಯ ಪರಿಚಯವಿತ್ತು. ಆಳದ ಕಡೆ ಹೋಗುವ ಮೊದಲು ಕೆಲವು ಮಕ್ಕಳು ಹೀಗೇ ಹೇಳುತ್ತವೆ, ನನಗೇನೂ ಬೇಡ ಮಿಸ್, ನಾನು ಇಲ್ಲೇ ಇರ್ತೀನಿ ಎಂದು. ಹೇಳುವಾಗ ಬಾಯಿ ಒಂದು ಕಡೆ, ಕಣ್ಣು ಒಂದು ಕಡೆ.

“ಯಾರ ಮಗು?” ಎಂದು ಓನರ್ ಕೇಳಿದರು.

“ನಂದು,” ಎಂದಳು ವ್ಯಾನಿನವಳು.

ಓನರ್ ಅವಳನ್ನೊಮ್ಮೆ ನೋಡಿದರು. ತಿರುಗಿ ಮೆಟ್ಟಿಲಿಳಿದು ಹೋದರು. ಕೆಳಗೆ ಅವರ ಮನೆಯ ಬಾಗಿಲು ಬಡಿದುಕೊಂಡಿತು.

ಕೋಣೆಯಲ್ಲಿ ಮೂವರು ಹೆಂಗಸರು ನಿಂತೇ ಇದ್ದರು. ಸೊಸೆ ಬಗ್ಗಿ ಯುಪಿಎಸ್ ನೋಡಿದಳು. ಹಳದಿ ದೀಪವೊಂದು ಕೆಂಪಾಗಿ ಮಿಟುಕತೊಡಗಿತ್ತು. ಕಂಪ್ಯೂಟರನ್ನೇ ಹೊತ್ತು ಕೆಳಗಿನ ಮನೆಗೆ ಒಯ್ಯಬಹುದೇ ಎಂದು ಒಂದು ಕ್ಷಣ ಯೋಚಿಸಿದಳು. ತಿರುಗುತ್ತಿರುವ ಡಿಸ್ಕನ್ನು ಅಲುಗಿಸಿದರೆ ಅಲ್ಲಿಗೆ ಮುಗಿಯಿತು ಎಂದು ಗಂಡ ಹೇಳಿದ್ದ. ಅಪ್ಪಿತಪ್ಪಿ ಮೇಜಿಗೆ ಸೊಂಟ ತಾಗಿಸಿದರೂ ಬೈಯುತ್ತಿದ್ದ.

“ಅಕ್ಕ, ಯಾಕೆ ಕಾಯ್ತಿದ್ದೀರಿ?” ಎಂದಳು ವ್ಯಾನಿನವಳು.

ಹೊರಗೆ ಬಾಲ್ಕನಿಯ ಕಂಬಿಗೆ ಏನೋ ಠಣ್ ಎಂದು ಬಡಿಯಿತು. ಕೆಳಗಿನಿಂದ ಓನರ್ ದನಿ ಬಂತು.

“ಹಿಡ್ಕೊಳ್ಳಿ ಯಾರಾದ್ರೂ. ನನ್ನ ಕೈ ಇದಕ್ಕಿಂತ ಮೇಲೆ ಬರಲ್ಲ.”

ವ್ಯಾನಿನವಳು ಓಡಿದಳು. ಬಟ್ಟೆ ಒಣಹಾಕುವ ಕೋಲಿನ ತುದಿಗೆ ಕೇಬಲ್ಲಿನ ಸಾಕೆಟ್ ಪೆಟ್ಟಿಗೆಯನ್ನು ಕಟ್ಟಿ, ಓನರ್ ಸ್ಟೂಲಿನ ಮೇಲೆ ನಿಂತು ಮೇಲಕ್ಕೆ ಚಾಚಿದ್ದರು. ಅವಳು ಕಂಬಿಯ ನಡುವೆ ತೋಳು ತೂರಿಸಿ ಅದನ್ನು ಎಳೆದುಕೊಂಡಳು. ಕೇಬಲ್ಲು ಬಾಲ್ಕನಿ ದಾಟಿತು, ಹೊಸ್ತಿಲು ದಾಟಿತು, ಚಿಕ್ಕ ಕೋಣೆಯ ಒಳಗೆ ಬಂತು, ಮೇಜಿಗೆ ಇನ್ನೊಂದು ತೋಳಿನಷ್ಟು ದೂರದಲ್ಲಿ ಬಿಗಿಯಾಗಿ ನಿಂತುಬಿಟ್ಟಿತು.

“ಇನ್ನೂ ಬಿಡಿ ಅಂಕಲ್.”

“ಇರೋದೇ ಇಷ್ಟು.”

ಯುಪಿಎಸ್‌ನ ವೈರನ್ನು ಗಂಡ ಮೇಜಿನ ಹಿಂದಿನ ಕಾಲಿಗೆ ಪ್ಲಾಸ್ಟಿಕ್ ಪಟ್ಟಿಗಳಿಂದ ಬಿಗಿದಿದ್ದ, ಯಾರೂ ಎಡವದಿರಲಿ ಎಂದು. ಸೊಸೆ ಅಡುಗೆಮನೆಯ ಚಾಕು ತಂದು ಹೊಟ್ಟೆಯ ಮೇಲೆ ಮಲಗಿ ಮೇಜಿನ ಕೆಳಗೆ ತೂರಿದಳು. ಬೆನ್ನು ಮೇಲೆದ್ದರೆ ಮೇಜು ಅಲುಗುತ್ತದೆ. ಕತ್ತಲೆ, ಧೂಳು, ಕಿವಿಯ ಪಕ್ಕದಲ್ಲೇ ಆ ಕೂಗು. ಕುಂಯ್ ಕುಂಯ್ ಹೋಗಿ ಈಗ ಒಂದೇ ಸಮನೆ ಎಳೆದ ಕಿರುಚಾಟವಾಗಿತ್ತು. ಬೆವರಿಗೆ ಚಾಕು ಜಾರಿತು. ಮೊದಲ ಪಟ್ಟಿ ತುಂಡಾಯಿತು. ಎರಡನೆಯದಕ್ಕೆ ಕೈ ಎಟುಕಲಿಲ್ಲ. ಅವಳು ಕೆನ್ನೆಯನ್ನು ನೆಲಕ್ಕೆ ಒತ್ತಿ, ಇದ್ದ ಉಸಿರನ್ನೆಲ್ಲ ಹೊರಗೆ ಬಿಟ್ಟು, ಎದೆಯನ್ನು ಚಪ್ಪಟೆ ಮಾಡಿಕೊಂಡು ಇನ್ನಷ್ಟು ಒಳಕ್ಕೆ ಜರುಗಿದಳು. ಪಟ್ಟಿ ಪಟ್ಟೆಂದು ಕಡಿದುಹೋಯಿತು. ಬೆರಳಿಗೂ ಚಾಕು ತಾಗಿತು. ಸುಟ್ಟ ಸಾಕೆಟ್ಟಿನಿಂದ ಪ್ಲಗ್ಗನ್ನು ಅತ್ತೆ ಒಣ ಬಟ್ಟೆ ಸುತ್ತಿ ಕಿತ್ತು ಅವಳ ಕಾಲಿನ ಕಡೆಗೆ ದೂಡಿದರು. ವೈರು ಸಡಿಲವಾಗಿ ಬಂತು.

“ಕೊಡಿ,” ಎಂದಳು ವ್ಯಾನಿನವಳು. ಪ್ಲಗ್ಗು ಅವಳ ಕೈಗೆ ಹೋಯಿತು. ಅವಳು ಅದನ್ನು ಕೇಬಲ್ಲಿನ ಪೆಟ್ಟಿಗೆಗೆ ಒತ್ತಿದಳು.

ಕಿರುಚಾಟ ನಿಂತಿತು.

ನಿಂತದ್ದು ಕರೆಂಟು ಬಂದದ್ದಕ್ಕೋ ಬ್ಯಾಟರಿ ಸತ್ತದ್ದಕ್ಕೋ ತಿಳಿಯದೆ ಅವಳು ಮೇಜಿನ ಕೆಳಗೆ ಹಾಗೇ ಬಿದ್ದುಕೊಂಡಿದ್ದಳು. ಮೇಲಿನಿಂದ ಆ ಗುಂಯ್ ಸದ್ದು ಕೇಳಿಸಿತು. ಅವಳು ಹೊರಗೆ ಬಂದು ಗೋಡೆಗೊರಗಿ ಕೂತಳು. ಬೆರಳಿನ ರಕ್ತಕ್ಕೆ ಅತ್ತೆ ತಮ್ಮ ಸೆರಗಿನ ತುದಿಯನ್ನೇ ಒತ್ತಿ ಹಿಡಿದರು.

ವ್ಯಾನಿನವಳು ಅವಳ ಎದುರು ಕೂತು ಕೇಳಿದಳು.

“ನಾನು ಆಫ್ ಮಾಡಿ ಅಂದಾಗ ಯಾಕೆ ಮಾಡ್ಲಿಲ್ಲ?”

“ನಮ್ಮನೆ ಉಳೀಲಿ ಅಂತ ಹಾಗಂದ್ರಿ. ನಿಮಗೆ ಬೇಡ ಅಂತ ಅಲ್ಲ.”

ವ್ಯಾನಿನವಳು ಆಗ ಅತ್ತಳು. ಸದ್ದಿಲ್ಲದೆ, ಎರಡೂ ಅಂಗೈಯಿಂದ ಮುಖ ಒತ್ತಿಕೊಂಡು. ಅತ್ತೆ ಅವಳ ಬೆನ್ನ ಮೇಲೆ ಕೈಯಿಟ್ಟು ಕೂತರು. ಬಾಗಿಲಲ್ಲಿ ಓನರ್ ಬಂದು ನಿಂತು ಕೇಬಲ್ಲನ್ನು ಮುಟ್ಟಿ ನೋಡಿದರು. “ಬಿಸಿ ಆಗ್ತಿಲ್ಲ,” ಎಂದರು ಯಾರಿಗೆಂದಿಲ್ಲದೆ, “ಆದ್ರೂ ಒಬ್ರು ನೋಡ್ತಾ ಇರಿ,” ಎಂದು ಇಳಿದು ಹೋದರು.

ಸಂಜೆಯ ಹೊತ್ತಿಗೆ ಆಸ್ಪತ್ರೆಯಿಂದ ಅಣ್ಣನ ಫೋನು ಬಂತು. ಜ್ವರ ಇಳಿಯುತ್ತಿದೆ, ಔಷಧ ಕಡಿಮೆ ಮಾಡಿದ್ದಾರೆ, ಕಣ್ಣು ಬಿಟ್ಟು ನೋಡಿದ ಎಂದ. ಅತ್ತೆ ಅದನ್ನು ಎರಡು ಸಲ ಹೇಳಿಸಿಕೊಂಡು ಕೇಳಿದರು. ಅವಳು ಹೊರಡಲು ಎದ್ದಾಗ ವ್ಯಾನಿನವಳು, “ನೀವು ಹೋಗಿ ಅಕ್ಕ, ನಾನು ಅಮ್ಮನ ಜೊತೆ ಇಲ್ಲೇ ಇರ್ತೀನಿ,” ಎಂದಳು. ಹಾಗೇ ಇದ್ದಳು. ಬೆಳಿಗ್ಗೆ ತನ್ನ ವ್ಯಾನಿನ ಸರದಿಯನ್ನು ಬೇರೊಬ್ಬ ಡ್ರೈವರಿಗೆ ವಹಿಸಿ, ಮೇಜಿನ ಮುಂದಿನಿಂದ ಏಳಲಿಲ್ಲ.

ಮರುದಿನ ಬೆಳಿಗ್ಗೆ ಗಂಡನ ಹಾಸಿಗೆಯ ಪಕ್ಕ ಕೂರಲು ಅವಳನ್ನು ಬಿಟ್ಟರು. ಅವನ ತುಟಿ ಒಡೆದು ಒಣಗಿತ್ತು, ಮಾತು ಪಿಸುದನಿ. ಸುಟ್ಟ ಗೋಡೆ, ಹೂಕುಂಡದ ಮಣ್ಣು, ಓನರ್ ಕೇಬಲ್ಲು, ಎಲ್ಲವನ್ನೂ ಅವಳು ಹೇಳಿದಳು. ಕೇಳುತ್ತ ಕೇಳುತ್ತ ಅವನ ಮುಖ ಗಂಭೀರವಾಯಿತು.

“ಅಮ್ಮ ಒಬ್ರೇ ಇದ್ರಾ?” ಎಂದ. “ನೀನು ವೈರಿಂಗ್ ಬಗ್ಗೆ ಹೇಳಿದ್ದೆ. ನಾನೇ ಕೇಳ್ಲಿಲ್ಲ.”

“ಹೊಟ್ಟೆನೋವಿನ ಬಗ್ಗೆ ನೀವು ಹೇಳ್ಲಿಲ್ಲ. ನಾನೂ ಕೇಳ್ಲಿಲ್ಲ,” ಎಂದಳು ಅವಳು.

ಅಷ್ಟರಲ್ಲಿ ವ್ಯಾನಿನವಳ ಫೋನಿನಿಂದ ಅತ್ತೆಯ ಕರೆ. ದನಿಯಲ್ಲಿ ಗಾಬರಿ.

“ಅದು ಟಕ್ ಟಕ್ ಅಂತಿದೆ ಕಣಮ್ಮ. ಬಾಗಿಲು ತಟ್ಟಿದ ಹಾಗೆ. ಹಸಿರು ಮುಂದಕ್ಕೆ ಹೋಗ್ತಿಲ್ಲ.”

ಅವಳು ಫೋನನ್ನು ಡಿಸ್ಕಿನ ಹತ್ತಿರ ಹಿಡಿಯಲು ಹೇಳಿ, ಇತ್ತ ಗಂಡನ ಕಿವಿಗೆ ತನ್ನ ಫೋನು ಹಿಡಿದಳು. ಅವನು ಕಣ್ಣು ಮುಚ್ಚಿ ಕೇಳಿದ.

“ಈಗ ಆಫ್ ಮಾಡೋಕೆ ಹೇಳು.”

“ಇನ್ನೂ ಪೂರ್ತಿ ಆಗಿಲ್ಲವಂತೆ.”

“ಇನ್ನು ಅದರ ಕೈಲಿ ಆಗಲ್ಲ. ಬಂದಿದ್ದು ಬಂದಿದೆ, ಅದು ನನ್ನ ಡಿಸ್ಕಲ್ಲಿ ಭದ್ರವಾಗಿರತ್ತೆ. ಇನ್ನು ಎಳೆದ್ರೆ ಸುಮ್ನೆ ಹಿಂಸೆ.”

ಅವಳು ಅದನ್ನೇ ಫೋನಿನಲ್ಲಿ ಹೇಳಿದಳು. ಆ ಕಡೆ ಏನೋ ಪಿಸುಮಾತು. ಆಮೇಲೆ ವ್ಯಾನಿನವಳ ದನಿ. “ನಾನೇ ಆಫ್ ಮಾಡ್ತೀನಿ ಅಕ್ಕ. ಯಾವ ಬಟನ್ ಅಂತ ಹೇಳಿ.” ಗಂಡ ಒಂದೊಂದಾಗಿ ಹೇಳಿದ, ಅವಳು ಒಂದೊಂದಾಗಿ ದಾಟಿಸಿದಳು. ಫೋನಿನಲ್ಲಿ ಟಕ್ ಟಕ್ ನಿಂತಿತು, ಗುಂಯ್ ಸದ್ದು ಇಳಿದು ಇಳಿದು ನಿಂತಿತು. ವರ್ಷಗಳಿಂದ ಬೇಕು ಬೇಕೆಂದು ಹಂಬಲಿಸಿದ್ದ ಆ ನಿಶ್ಶಬ್ದವನ್ನು ಅವಳು ಆಸ್ಪತ್ರೆಯಲ್ಲಿ ಕೂತು ಕೇಳಿದಳು. ಅದರಲ್ಲಿ ಅವಳಿಗೆ ಯಾವ ಸುಖವೂ ಸಿಗಲಿಲ್ಲ.

ಗಂಡ ಮನೆಗೆ ಬರುವಷ್ಟರಲ್ಲಿ ಓನರ್ ಗೋಡೆ ಒಡೆಸಿ, ಗೊಣಗುತ್ತಲೇ, ಮೇಲಿನ ಮನೆಗೆಲ್ಲ ಹೊಸ ವೈರು ಎಳೆಸಿದ್ದರು. ಕಂಪ್ಯೂಟರ್ ಸದಾ ಓಡಬೇಕೇ ಬೇಡವೇ ಎಂಬ ಮಾತು ಒಂದು ದಿನ ಊಟದ ಹೊತ್ತಿನಲ್ಲಿ ಮತ್ತೆ ಬಂತು. ಮನೆಯಲ್ಲಿ ಯಾರೂ ಇಲ್ಲದಾಗ ಓಡಿಸುವುದಿಲ್ಲ ಎಂದು ಗಂಡನೇ ಹೇಳಿದ. ಓಡಿಸಲೇಬೇಕಾದ ಡಿಸ್ಕು ಬಂದರೆ ಏನು ಮಾಡುತ್ತೀರಿ ಎಂದು ಹೆಂಡತಿ ಕೇಳಿದಳು. “ನಾನೆಲ್ಲಿಗೆ ಹೋಗ್ತೀನಿ, ಮನೇಲೇ ಇರ್ತೀನಲ್ಲ,” ಎಂದು ಅತ್ತೆ ತಟ್ಟೆಗೆ ಇನ್ನಷ್ಟು ಬಡಿಸಿದರು.

ಗಂಡ ಹೊಟ್ಟೆಗೆ ದಿಂಬು ಒತ್ತಿಕೊಂಡು ಕೂತು ನಕಲಿನೊಳಗಿಂದ ಕಡತಗಳನ್ನು ಬಿಡಿಸಿದ. ಬಹುಪಾಲು ಬಂದಿತ್ತು. ಕೆಲವು ವಿಡಿಯೊಗಳು ನಡುವೆ ಮುರಿದಿದ್ದವು, ಕೆಲವು ತೆರೆಯಲೇ ಇಲ್ಲ. ಅವನು ತೆರೆದು ನೋಡಿದ್ದು ಒಂದೆರಡು ಕ್ಷಣ, ಸರಿ ಇದೆಯೇ ಎಂದು ತಿಳಿಯಲಷ್ಟೇ.

ವ್ಯಾನಿನವಳು ಎರಡು ಸರದಿಗಳ ನಡುವೆ ಬಂದಳು. ಅವಳನ್ನು ಕುರ್ಚಿಯಲ್ಲಿ ಕೂರಿಸಿ, ಮೊದಲನೆಯದನ್ನು ತೆರೆದುಕೊಟ್ಟು, ಮೂವರೂ ಹೊರಗೆ ಬಂದರು. ಬಾಗಿಲು ಪೂರ್ತಿ ಮುಚ್ಚಲಿಲ್ಲ. ಒಳಗಿನಿಂದ ಗಾಳಿಯ ಗೌಜು ಕೇಳಿತು, ಸೈಕಲ್ಲಿನ ಗಂಟೆ ಕೇಳಿತು. ಆಮೇಲೆ ಪುಟ್ಟ ದನಿಯೊಂದು, ಸ್ವಲ್ಪ ಒಡಕು, ಭಾರೀ ಸಿಡುಕು.

“ಅಮ್ಮಾ, ಫೋನು ನೋಡ್ಬೇಡ, ನನ್ನ ನೋಡು. ನೀನು ನೋಡ್ತಾನೇ ಇಲ್ಲ.”

“ನೋಡ್ತಿದೀನಿ, ನೋಡ್ತಿದೀನಿ,” ಎಂದಿತು ವಿಡಿಯೊದೊಳಗಿನ ತಾಯಿಯ ದನಿ.

ಚಿತ್ರ ಅಲ್ಲಿ ಮುರಿದಿರಬೇಕು, ಕರಕರ ಸದ್ದಾಗಿ ನಿಂತಿತು. ಒಳಗೆ ಏನೂ ಕೇಳಲಿಲ್ಲ. ಅತ್ತೆ ಏಳಲು ಹೊರಟರು, ಸೊಸೆ ಅವರ ಕೈ ಹಿಡಿದು ಕೂರಿಸಿದಳು. ಸ್ವಲ್ಪ ಹೊತ್ತಿಗೆ ಅದೇ ಗಾಳಿ, ಅದೇ ಗಂಟೆ, ಅದೇ ಸಿಡುಕು ಮತ್ತೆ ಮೊದಲಿನಿಂದ ಶುರುವಾಯಿತು. ಈ ಸಲ ಒಳಗಿನಿಂದ ಒಂದು ಸಣ್ಣ ನಗುವೂ ಕೇಳಿತು.

ವ್ಯಾನಿನವಳು ಹೊರಗೆ ಬಂದಾಗ ಕಣ್ಣು ಕೆಂಪಾಗಿತ್ತು. ಗಂಡ ಕೊಟ್ಟ ಹೊಸ ಡಿಸ್ಕನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು.

“ಎಷ್ಟು ಸಿಡುಕ್ತಿದ್ಲು ಅನ್ನೋದೇ ಮರೆತುಹೋಗಿತ್ತು ನನಗೆ,” ಎಂದಳು. “ಉಳಿದಿದ್ದು ಮನೇಲಿ ನೋಡ್ತೀನಿ. ಶಾಲೆ ಬಿಡೋ ಹೊತ್ತಾಯ್ತು, ಮಕ್ಕಳು ಕಾಯ್ತಿರ್ತಾವೆ.”

ಮೆಟ್ಟಿಲಿಳಿದು ಹೋಗಿ ವ್ಯಾನು ಹತ್ತಿದಳು. ಡಿಸ್ಕನ್ನು ಎಲ್ಲಿಡುವುದೆಂದು ತೋಚದೆ ಒಂದು ಗಳಿಗೆ ಮಡಿಲಲ್ಲಿಟ್ಟುಕೊಂಡಳು, ಆಮೇಲೆ ಪಕ್ಕದ ಸೀಟಿನ ಮೇಲಿಟ್ಟು ಬೆಲ್ಟು ಎಳೆದು ಕಟ್ಟಿದಳು. ಬಾಲ್ಕನಿಯಿಂದ ಅತ್ತೆ ಸೊಸೆ ನೋಡುತ್ತಿದ್ದಂತೆ ವ್ಯಾನು ನಿಧಾನವಾಗಿ ಬೀದಿಯ ತಿರುವು ದಾಟಿ ಶಾಲೆಯ ಕಡೆಗೆ ಹೋಯಿತು.